ಕಾಗದವೂ ಕಸುಬೂ

ನಮ್ಮವರ ಮನೆಗಳಲ್ಲಿ ಸರ್ಟಿಫಿಕೇಟಿಗೆ ಇರುವ ಮರ್ಯಾದೆ ಹಿರಿಯರ ಫೋಟೋಗಳಿಗೂ ಇಲ್ಲ. ಫೋಟೋ ಗೋಡೆಯ ಮೇಲೆ ಧೂಳು ಹಿಡಿಯುತ್ತಿರುತ್ತದೆ. ಸರ್ಟಿಫಿಕೇಟಾದರೋ ಪ್ಲಾಸ್ಟಿಕ್ ಹಾಳೆಯೊಳಗೆ, ಫೈಲಿನೊಳಗೆ, ಬೀರುವಿನೊಳಗೆ, ಬಂಗಾರದ ಬಳೆಗಳ ನೆರೆಯಲ್ಲಿ ಬೆಚ್ಚಗೆ ಕುಳಿತಿರುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ಮುಂಬಯಿಯ ನೆಲಅಂತಸ್ತಿನ ಮನೆಗಳಿಗೆ ನೀರು ನುಗ್ಗಿದಾಗ, ನಮ್ಮ ಪರಿಚಯದ ಗೃಹಿಣಿಯೊಬ್ಬರು ಒಂದು ಕಂಕುಳಲ್ಲಿ ಮಗುವನ್ನೂ ಇನ್ನೊಂದರಲ್ಲಿ ಫೈಲನ್ನೂ ಎತ್ತಿಕೊಂಡು ಮೇಲಿನ ಮಹಡಿಗೆ ಓಡಿದರು. ಅಕ್ಕಿಯ ಡಬ್ಬ ಮುಳುಗಿತು, ಸರ್ಟಿಫಿಕೇಟು ಉಳಿಯಿತು.

ಇದರಲ್ಲಿ ನಗುವಂಥದೇನೂ ಇಲ್ಲ. ಊರು ಬಿಟ್ಟು ಬಂದವನಿಗೆ ಇಲ್ಲಿ ಗದ್ದೆಯಿಲ್ಲ, ತೋಟವಿಲ್ಲ, ಮನೆತನದ ಹೆಸರು ಹೇಳಿದರೆ "ಓಹೋ, ಅವರ ಮೊಮ್ಮಗನೆ?" ಎಂದು ಗುರುತಿಸುವವರೂ ಇಲ್ಲ. ತಾನು ಯಾರು, ತನಗೆ ಏನು ಬರುತ್ತದೆ ಎಂಬುದನ್ನು ಪರಊರಿನಲ್ಲಿ ಅವನ ಪರವಾಗಿ ಹೇಳುವುದು ಆ ಕಾಗದವೊಂದೇ. ಹೇಳುತ್ತದೆಯೋ ಇಲ್ಲವೋ ಎಂಬುದು ಬೇರೆ ಮಾತು. ಆ ಬೇರೆ ಮಾತನ್ನೇ ಈಗ ಆಡಬೇಕಾಗಿದೆ.

ಈಚಿನ ಎರಡು ಮೂರು ವರ್ಷಗಳಿಂದ, ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ನಾವು ಕುಳಿತಿರುವಾಗ ಬರುವ ತಂದೆತಾಯಿಗಳು ಕೇಳುವ ಪ್ರಶ್ನೆಗಳ ರೀತಿಯೇ ಬದಲಾಗಿದೆ. "ಬಿ.ಕಾಂ. ಜತೆಗೆ ಏನಾದರೂ ಒಂದು ಸರ್ಟಿಫಿಕೇಟು ಮಾಡಿಸಿದರೆ ಕೆಲಸ ಸಿಕ್ಕೀತೆ?" ಎಂದು ಒಬ್ಬರು ಕೇಳುತ್ತಾರೆ. "ಕಾಲೇಜಿನಲ್ಲಿ ಒಂದು ವರ್ಷ ಓದಿದರೇ ಸರ್ಟಿಫಿಕೇಟು ಕೊಡುತ್ತಾರಂತಲ್ಲ, ಅಷ್ಟು ಸಾಲದೆ ಮಾರಾಯ್ರೆ?" ಎಂದು ಇನ್ನೊಬ್ಬರು ಕೇಳುತ್ತಾರೆ. ಕೇಳುವವರಿಗೆ ಎರಡೂ ಒಂದೇ ಪ್ರಶ್ನೆಯೆಂದು ತೋರುತ್ತದೆ. ಆದರೆ ಒಂದು ಪದವಿಯ ಪಕ್ಕದಲ್ಲಿ ನಿಲ್ಲುವ ಕಾಗದ. ಇನ್ನೊಂದು ಪದವಿಯ ಜಾಗದಲ್ಲಿ ನಿಲ್ಲುವ ಕಾಗದ. ಹೆಸರು ಒಂದೇ ಆದ್ದರಿಂದ ಗಲಿಬಿಲಿ ಆಗಿದೆ.

ಪಕ್ಕದಲ್ಲಿ ನಿಲ್ಲುವ ಕಾಗದದ ರುಚಿ ನಮ್ಮ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. 1972ರಲ್ಲಿ ನಾವು ಊರಿನಿಂದ ಬಂದು ಮಾಟುಂಗದಲ್ಲಿ ಚಿಕ್ಕಪ್ಪನವರ ಮನೆಯಲ್ಲಿದ್ದಾಗ ಬೆಳಿಗ್ಗೆ ಏಳಕ್ಕೆ ಕಾಲೇಜು, ಹತ್ತೂವರೆಗೆ ಫೋರ್ಟಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಸಂಜೆ ಏಳಕ್ಕೆ ಟೈಪಿಂಗ್ ಕ್ಲಾಸು. ಕ್ಲಾಸೆಂದರೆ ಸೀರೆಯಂಗಡಿಯ ಮೇಲಣ ಒಂದು ಉದ್ದನೆಯ ಕೋಣೆ, ಮರದ ಮೆಟ್ಟಿಲು, ಒಳಗೆ ಹನ್ನೆರಡು ಯಂತ್ರಗಳು, ಅವುಗಳಲ್ಲಿ ಹತ್ತು ನಡೆಯುವಂಥವು. ರೆಮಿಂಗ್ಟನ್ನುಗಳು ಮುದುಕರಾಗಿದ್ದವು, ಗೋದ್ರೆಜ್ ಯಂತ್ರಗಳು, 1955ರಲ್ಲಿ ನಮ್ಮ ದೇಶದಲ್ಲೇ ತಯಾರಾಗತೊಡಗಿದಂಥವು, ತಕ್ಕಮಟ್ಟಿಗೆ ಗಟ್ಟಿಯಾಗಿದ್ದವು. ಮೊದಲ ತಿಂಗಳೆಲ್ಲ "ಎ ಎಸ್ ಡಿ ಎಫ್" ಎಂಬ ಒಂದೇ ಜಪ. ಬೆರಳಿನ ಕಡೆ ಕಣ್ಣು ಹೊರಳಿದರೆ ಮಾಸ್ತರರ ಅಡಿಕೋಲು ಮೇಜಿನ ಮೇಲೆ ಟಪ್ಪೆಂದು ಬೀಳುತ್ತಿತ್ತು. ಕೆಲವೊಮ್ಮೆ ಮೇಜಿನ ಮೇಲಲ್ಲ.

ಅಲ್ಲಿ ಕಲಿಯುತ್ತಿದ್ದವರಲ್ಲಿ ಅರ್ಧಕ್ಕರ್ಧ ನಮ್ಮವರು. ಹಗಲು ಹೋಟೆಲಿನಲ್ಲಿ ಮಾಣಿ, ಸಂಜೆ ರಾತ್ರಿಶಾಲೆಯಲ್ಲಿ ವಿದ್ಯಾರ್ಥಿ, ಮೆಟ್ರಿಕ್ ಮುಗಿದ ಮೇಲೆ ಇಲ್ಲಿ ಟೈಪಿಂಗು; ಇದು ಅಂದಿನ ಎಷ್ಟೋ ಜನ ಕನ್ನಡಿಗರು ತುಳಿದ ದಾರಿ. ದೋಸೆಯ ತಟ್ಟೆ ಹಿಡಿದ ಬೆರಳುಗಳು ಯಂತ್ರದ ಮೇಲೆ ಎಷ್ಟು ಬೇಗ ಓಡುತ್ತಿದ್ದವೆಂದರೆ ಮಾಸ್ತರರಿಗೇ ಬೆರಗು.

ಆ ಸರ್ಟಿಫಿಕೇಟಿನಲ್ಲಿ ಒಂದು ಗುಣವಿತ್ತು. ಅದು ಒಂದು ಸಂಖ್ಯೆಯನ್ನು ಹೇಳುತ್ತಿತ್ತು: ನಿಮಿಷಕ್ಕೆ ಮೂವತ್ತು ಮಾತು, ಇಲ್ಲವೆ ನಲವತ್ತು ಮಾತು. ಶೀಘ್ರಲಿಪಿಯವರಿಗೆ ಎಂಬತ್ತು, ನೂರು, ನೂರಿಪ್ಪತ್ತು. ಹೊಗಳಿಕೆಯಿಲ್ಲ, ವಿಶೇಷಣವಿಲ್ಲ. ನಾವು ಮೊದಲ ಬಾರಿ ಸಂದರ್ಶನಕ್ಕೆ ಹೋದಾಗ ಜೇಬಿನಿಂದ ಕಾಗದ ತೆಗೆಯಹೊರಟರೆ ಮ್ಯಾನೇಜರರು, "ಅದನ್ನು ಒಳಗಿಡು, ಮೆಷೀನಿನ ಮುಂದೆ ಕೂತ್ಕೋ" ಎಂದರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಕಾಗದ ಹೇಳಿದ ಮಾತನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಿ ನೋಡಬಹುದು ಎಂಬುದೇ ಆ ಕಾಗದದ ಬೆಲೆ.

ಇನ್ನು ಕಾಗದದ ಮಿತಿಯ ಮಾತು. ನಮ್ಮ ಪಕ್ಕದ ಮೇಜಿನಲ್ಲಿ ಉಡುಪಿಯ ಕಡೆಯ ಒಬ್ಬ ಗೆಳೆಯ ಇದ್ದ. ನಮ್ಮ ವೇಗ ನಲವತ್ತಾದರೆ ಆತನದು ಅರವತ್ತು, ತಪ್ಪಿಲ್ಲದ ಅರವತ್ತು. ಸಾಹೇಬರ ಇಂಗ್ಲಿಷನ್ನು ಟೈಪ್ ಮಾಡುತ್ತಲೇ ತಿದ್ದಿಬಿಡುತ್ತಿದ್ದ. ಸಾಹೇಬರು ಓದಿ, "ನಾನು ಚೆನ್ನಾಗಿಯೇ ಹೇಳಿದ್ದೇನೆ" ಎಂದು ಸಂತೋಷಪಡುತ್ತಿದ್ದರು. ಮನೆಗೆ ಹಿರಿಯ ಮಗ. ತಂದೆ ತೀರಿಕೊಂಡದ್ದರಿಂದ ಕಾಲೇಜಿನ ಒಂದು ವರ್ಷ ಮುಗಿಸಿ ಬಿಟ್ಟಿದ್ದ. ಆರು ವರ್ಷದ ಮೇಲೆ ಲೆಕ್ಕಪತ್ರ ವಿಭಾಗಕ್ಕೆ ಬಡ್ತಿಯ ಪಟ್ಟಿ ತಯಾರಾದಾಗ ಕೇಳಿದ್ದು ವೇಗವನ್ನಲ್ಲ, ಪದವಿಯನ್ನು. ನಮ್ಮ ಬಿ.ಕಾಂ. ಅಷ್ಟು ವರ್ಷ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದುದು ಅಂದು ಎದ್ದು ಕೆಲಸಕ್ಕೆ ಬಂತು. ಆತ ಯಂತ್ರದ ಮುಂದೆಯೇ ಉಳಿದ. ಕಡೆಗೆ ಆತನಿಗಿಂತ ಮೊದಲು ಯಂತ್ರವೇ ನಿವೃತ್ತವಾಯಿತು. ಕಂಪ್ಯೂಟರು ಬಂದು, ಅರವತ್ತು ಮಾತಿನ ವೇಗ ಪತ್ರಗಳ ರವಾನೆ ಪುಸ್ತಕ ಬರೆಯುವ ಕೆಲಸಕ್ಕೆ ಇಳಿಯಿತು. ಗೋದ್ರೆಜ್ ಕಂಪನಿ ಟೈಪ್‌ರೈಟರುಗಳ ತಯಾರಿಕೆಯನ್ನು 2009ರಲ್ಲಿ ನಿಲ್ಲಿಸಿತು. ಮಹಾರಾಷ್ಟ್ರ ಸರಕಾರದ ಪರೀಕ್ಷೆ ಹಳೆಯ ಯಂತ್ರಗಳ ಮೇಲೆ ಕೊನೆಯ ಬಾರಿ ನಡೆದದ್ದು 2017ರಲ್ಲಿ. ಆಮೇಲೆ ಎಲ್ಲ ಕಂಪ್ಯೂಟರಿನ ಮೇಲೆಯೇ.

ಬಾಗಿಲೊಳಗೆ ಬಿಡುವುದು ಕಸುಬಿನ ಕಾಗದ, ಮಹಡಿ ಹತ್ತಿಸುವುದು ಪದವಿ ಎಂಬ ಈ ಲೆಕ್ಕವನ್ನು ದೊಡ್ಡವರೂ ಕಾಣದೆ ಇರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1994-95ರಲ್ಲೇ ಪದವಿ ತರಗತಿಗಳಲ್ಲಿ ವೃತ್ತಿವಿಷಯಗಳನ್ನು ಸೇರಿಸಿತು. ಹತ್ತನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಪದವಿಯ ಜತೆಜತೆಗೇ ಮಾಡಬಹುದಾದ ಸರ್ಟಿಫಿಕೇಟು, ಡಿಪ್ಲೊಮಾಗಳಿಗೆ ಹಣ ಕೊಟ್ಟಿತು. ಮಹಾರಾಷ್ಟ್ರದಲ್ಲಿ 2001ರಲ್ಲಿ ಎಂ.ಎಸ್.-ಸಿ.ಐ.ಟಿ. ಎಂಬ ಕಂಪ್ಯೂಟರ್ ಪರೀಕ್ಷೆ ಬಂತು. ಸರಕಾರಿ ಕೆಲಸ ಬೇಕೆಂಬವರೆಲ್ಲ ಅದರ ಹಿಂದೆ ಬಿದ್ದರು. ಈಗಂತೂ 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ಸ್ವಯಂ' ಇದೆ. ಅಲ್ಲಿ ಪಾಠ ಕೇಳಲು ಕಾಸಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಲ್ಲಿ ಪಡೆದ ಕ್ರೆಡಿಟ್ಟುಗಳನ್ನು ಕಾಲೇಜು ಒಪ್ಪಿಕೊಳ್ಳಬಹುದು. 2021ರ ನಿಯಮದಂತೆ ಶೇಕಡಾ 40ರವರೆಗೂ. 2022ರಿಂದ ಏಕಕಾಲಕ್ಕೆ ಎರಡು ಕೋರ್ಸುಗಳನ್ನು ಓದಲೂ ಆಯೋಗದ ಅನುಮತಿ ಉಂಟು. ನಮ್ಮ ಕಾಲದಲ್ಲಿ ಕದ್ದುಮುಚ್ಚಿ ಮಾಡಿದಂತೆ ಮಾಡುತ್ತಿದ್ದುದನ್ನು ಈಗ ರಾಜಾರೋಷವಾಗಿ ಮಾಡಬಹುದು.

ಅನುಕೂಲ ಹೆಚ್ಚಿತು; ಅದರೊಡನೆ ಕಾಗದಗಳೂ ಹೆಚ್ಚಿದವು. ನಮ್ಮ ಮುಂದೆ ಒಬ್ಬ ಹುಡುಗ ಹದಿನೇಳು ಸರ್ಟಿಫಿಕೇಟುಗಳ ಫೈಲನ್ನು ಬಿಚ್ಚಿಟ್ಟ. ನಾಯಕತ್ವ, ಸಂವಹನ ಕಲೆ, ಡಿಜಿಟಲ್ ಮಾರ್ಕೆಟಿಂಗ್, ವ್ಯಕ್ತಿತ್ವ ವಿಕಸನ. ಎಲ್ಲದರ ಮೇಲೂ ಬಂಗಾರದ ಅಂಚು, ಇಬ್ಬರು ಮೂವರ ರುಜು. "ಇದರಲ್ಲಿ ಯಾವುದನ್ನು ಈಗ ಇಲ್ಲಿ ಮಾಡಿ ತೋರಿಸಬಲ್ಲೆ?" ಎಂದು ಕೇಳಿದೆವು. ಬಡಪಾಯಿ ಪ್ರಾಮಾಣಿಕ, ಸ್ವಲ್ಪ ಹೊತ್ತು ಯೋಚಿಸಿ, "ಸಾರ್, ಎಕ್ಸೆಲ್‌ನಲ್ಲಿ ಸಂಬಳದ ಪಟ್ಟಿ ಮಾಡಬಲ್ಲೆ" ಎಂದ. ಅದಕ್ಕೆ ಮಾತ್ರ ಅವನಲ್ಲಿ ಸರ್ಟಿಫಿಕೇಟು ಇರಲಿಲ್ಲ. ಅವರ ಮಾವನ ಕ್ಯಾಟರಿಂಗ್ ಕಚೇರಿಯಲ್ಲಿ ಕಲಿತದ್ದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಊರಿನಲ್ಲಿ ಹೇಳುತ್ತಿದ್ದುದು ಇದಕ್ಕೇ ಇರಬೇಕು.

ಹಾಗೆಂದು ಈ ಕಾಲದ ಕಾಗದಗಳೆಲ್ಲ ಜೊಳ್ಳೆಂದು ತಿಳಿಯಬೇಡಿ. ಜಿ.ಎಸ್.ಟಿ. ವಿಷಯವನ್ನೇ ನೋಡೋಣ. 2017ರ ಜುಲೈ 1ರಂದು ಆ ತೆರಿಗೆ ಬಂದ ಮೇಲೆ, ತಿಂಗಳಿಗೊಮ್ಮೆ ರಿಟರ್ನು ಸಲ್ಲಿಸುವ ವ್ಯಾಪಾರಿ 11ನೆಯ ತಾರೀಖಿನೊಳಗೆ ಮಾರಾಟದ ವಿವರ ಕೊಡಬೇಕು, 20ರೊಳಗೆ ತೆರಿಗೆಯ ಸಾರಾಂಶವನ್ನು ಒಪ್ಪಿಸಬೇಕು. ನಡುವೆ, ತಾನು ಕೊಂಡ ಸರಕಿನ ಬಿಲ್ಲುಗಳು ಮಾರಿದವನು ತೋರಿಸಿದ ಲೆಕ್ಕದೊಂದಿಗೆ ತಾಳೆಯಾಗುತ್ತವೆಯೆ ಎಂದು ಒಂದೊಂದಾಗಿ ನೋಡಬೇಕು. ತಾಳೆಯಾಗದಿದ್ದರೆ, ಕೊಟ್ಟ ತೆರಿಗೆಗೆ ಸಿಗಬೇಕಾದ ವಜಾ ಕೈತಪ್ಪುತ್ತದೆ. ಬಿ.ಕಾಂ. ಮೂರು ವರ್ಷ ಓದಿದ ಹುಡುಗನಿಗೆ ಜಮೆ-ಖರ್ಚಿನ ತತ್ತ್ವ ಗೊತ್ತಿರುತ್ತದೆ. ಈ ತಾಳೆ ನೋಡುವ ಕೆಲಸ ಗೊತ್ತಿರುವುದಿಲ್ಲ. ನಾಲ್ಕು ತಿಂಗಳ ಒಂದು ಒಳ್ಳೆಯ ಕೋರ್ಸು ನಿಜವಾದ ಬಿಲ್ಲುಗಳನ್ನು ಮುಂದಿಟ್ಟು ಕಲಿಸಿದರೆ, ಯಾವ ತೆರಿಗೆ ಸಲಹೆಗಾರರ ಕಚೇರಿಯಲ್ಲೂ ಆ ಹುಡುಗನನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಿ ನೋಡಬಹುದು. ನಮ್ಮ ಹಳೆಯ ಟೈಪಿಂಗಿನ ನೇರ ವಂಶಸ್ಥ ಇದು.

ಇನ್ನೊಂದು ಷೇರುಪೇಟೆಯ ಬಳಿ ಸಿಗುವ ಕಾಗದ. ಸೆಬಿ 2006ರಲ್ಲಿ ಸ್ಥಾಪಿಸಿದ ಎನ್.ಐ.ಎಸ್.ಎಂ. ಎಂಬ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ತಕ್ಕುದನ್ನು ಮುಗಿಸದೆ ಮ್ಯೂಚುಯಲ್ ಫಂಡ್ ವಿತರಕನಾಗುವಂತಿಲ್ಲ. ಕಾನೂನೇ ಕೇಳುವ ಕಾಗದವಿದು. ಇದರಲ್ಲಿ ನಮಗೆ ಹಿಡಿಸಿದ ಅಂಶವೆಂದರೆ, ಮೂರು ವರ್ಷಕ್ಕೆ ಇದರ ಆಯುಷ್ಯ ಮುಗಿಯುತ್ತದೆ; ಮತ್ತೆ ಕಲಿತು ನವೀಕರಿಸಿಕೊಳ್ಳಬೇಕು. ಹಾಲಿನ ಪೊಟ್ಟಣದ ಮೇಲೆ ತಾರೀಖು ಹಾಕುವಂತೆ ಎಲ್ಲ ಸರ್ಟಿಫಿಕೇಟುಗಳ ಮೇಲೂ ಹಾಕಿದರೆ ಎಷ್ಟು ಮನೆಗಳ ಫೈಲು ಹಗುರಾದೀತು!

ಆದ್ದರಿಂದ ಪದವಿಯ ಜತೆಗೆ ಏನಾದರೂ ಮಾಡಿಸಲೆ ಎಂದು ಕೇಳುವವರಿಗೆ ನಾವು, ಧಾರಾಳವಾಗಿ ಮಾಡಿಸಿ, ಆದರೆ ಹಣ ಕಟ್ಟುವ ಮುಂಚೆ ಕ್ಲಾಸಿನವರನ್ನಲ್ಲ, ಆ ಕೆಲಸ ಕೊಡುವ ಕಚೇರಿಯವರನ್ನು ಹೋಗಿ ಕೇಳಿ ಎನ್ನುತ್ತೇವೆ. ಕ್ಲಾಸಿನವರು ಯಾವತ್ತೂ "ಸಾಲದು" ಎಂದು ಹೇಳಿದ್ದನ್ನು ನಾವು ಕೇಳಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಆಯೋಗ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಪದವಿಯ ಮನೆಗೆ ವರ್ಷಕ್ಕೊಂದು ಬಾಗಿಲು ಇಟ್ಟಿದ್ದಾರೆ. ಒಂದು ವರ್ಷ ಓದಿ 40 ಕ್ರೆಡಿಟ್ ಗಳಿಸಿ, ಬೇಸಿಗೆಯಲ್ಲಿ 4 ಕ್ರೆಡಿಟ್ಟಿನ ಒಂದು ವೃತ್ತಿ ಕೋರ್ಸು ಮುಗಿಸಿದರೆ ಸರ್ಟಿಫಿಕೇಟು ಪಡೆದು ಹೊರಡಬಹುದು. ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸು. ಹೋದವರು ಮೂರು ವರ್ಷದೊಳಗೆ ಮರಳಬಹುದು. ಸೇರಿದಂದಿನಿಂದ ಏಳು ವರ್ಷದೊಳಗೆ ಪದವಿ ಮುಗಿಸಬೇಕು. ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡಲು ಒಂದು ಬ್ಯಾಂಕನ್ನೇ 2021ರಲ್ಲಿ ಮಾಡಿದ್ದಾರೆ. ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪದವಿ ತರಗತಿಗಳಿಗೆ ಈ ಏರ್ಪಾಡು 2024-25ರಿಂದ ಹಬ್ಬಿತು.

ನಮ್ಮ ಆ ಅರವತ್ತು ಮಾತಿನ ಗೆಳೆಯನನ್ನು ನೆನೆದಾಗ ಈ ಏರ್ಪಾಡಿನ ಮೇಲೆ ಗೌರವ ಹುಟ್ಟದೆ ಇರುವುದಿಲ್ಲ. ಅಂದು ಒಂದು ವರ್ಷ ಓದಿ ಬಿಟ್ಟವನಿಗೆ ದೊರೆಯುತ್ತಿದ್ದುದು "ಕಾಲೇಜು ಬಿಟ್ಟವ" ಎಂಬ ಬಿರುದು ಮಾತ್ರ. ಮರಳಿ ಹೋಗುತ್ತೇನೆಂದರೆ ಓದಿದ ವರ್ಷಕ್ಕೆ ಲೆಕ್ಕವೇ ಇಲ್ಲದಂತೆ ಆಗುವುದೂ ಇತ್ತು. ಇಂದಾಗಿದ್ದರೆ ಆತನ ಆ ವರ್ಷ ಎಲ್ಲೋ ಒಂದು ಕಡೆ ಜಮೆಯಾಗಿ ಕಾಯುತ್ತಿತ್ತು.

ಆದರೆ ಚೌಕಟ್ಟಿನ ಒಳಗಣ ಲೆಕ್ಕವನ್ನೂ ನೋಡಬೇಕು. ಮೂರು ವರ್ಷದ ಪದವಿಗೆ ಒಟ್ಟು 120 ಕ್ರೆಡಿಟ್. ಅದರಲ್ಲಿ ಕೌಶಲದ ಕೋರ್ಸುಗಳಿಗೆಂದು ಆಯೋಗ ಇಟ್ಟಿರುವುದು 9. ಮಿಕ್ಕದ್ದು ಮುಖ್ಯ ವಿಷಯ, ಉಪವಿಷಯ, ಭಾಷೆ ಮುಂತಾದವು; ಅವೂ ಬೇಕಾದವೇ. ಅಂದಮೇಲೆ ಮೊದಲ ವರ್ಷದಲ್ಲಿ ವಿದ್ಯಾರ್ಥಿಯ ಕೈಗೆ ಹತ್ತುವ ಕಸುಬು ಎಷ್ಟು? ಬೇಸಿಗೆಯ ಆ ನಾಲ್ಕು ಕ್ರೆಡಿಟ್ಟು ಸೇರಿಸಿದರೂ ಬೊಗಸೆ ತುಂಬದು. ಮೊದಲ ವರ್ಷವೆಂದರೆ ಅಡಿಪಾಯ ತೋಡುವ ವರ್ಷ. ತೋಡಿದವನಿಗೆ ಕೂಲಿ ಕೊಡುವುದು ನ್ಯಾಯವೇ. ಗೃಹಪ್ರವೇಶದ ಕಾಗದವೆಂದು ಅದನ್ನು ಅವನ ಕೈಯಲ್ಲಿಟ್ಟರೆ ಮಾತ್ರ ಅವನು ಮೋಸಹೋಗುತ್ತಾನೆ.

ಊರಿನ ಕಡೆಗೆ ಮಕ್ಕಳನ್ನು ಕಳುಹಿಸುವವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಕರ್ನಾಟಕದಲ್ಲಿ 2021-22ರಲ್ಲೇ ನಾಲ್ಕು ವರ್ಷದ ಏರ್ಪಾಡು ಬಂದಿತ್ತು. 2024ರ ಮೇ ತಿಂಗಳಲ್ಲಿ ಸರಕಾರ ಅದನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಲ್ಲಿ ಒಂದು ವರ್ಷ ಓದಿ ಅಲ್ಲಿ ಮುಂದುವರಿಸುವ ಯೋಚನೆಯಿದ್ದರೆ, ಗಂಟುಮೂಟೆ ಕಟ್ಟುವ ಮುಂಚೆ ಆ ವಿಶ್ವವಿದ್ಯಾಲಯವನ್ನೇ ಬರಹದಲ್ಲಿ ಕೇಳಿಕೊಳ್ಳಿ. "ಅಲ್ಲಿ ನಮ್ಮ ಭಾವನವರಿಗೆ ಗುರುತಿದೆ" ಎಂಬುದು ಕ್ರೆಡಿಟ್ಟಿನ ವಿಷಯದಲ್ಲಿ ನಡೆಯುವುದಿಲ್ಲ.

ಬಾಗಿಲು ಇಟ್ಟವರ ಉದ್ದೇಶ ಒಳ್ಳೆಯದೇ. ಆ ಬಾಗಿಲಿನಿಂದ ಹೊರಗೆ ಕಾಲಿಡುವವರು ಯಾರು ಎಂಬುದು ನಮ್ಮನ್ನು ಕಾಡುವ ಪ್ರಶ್ನೆ. ಉಳ್ಳವರ ಮನೆಯ ಮಕ್ಕಳು ಒಂದು ವರ್ಷಕ್ಕೆ ಎದ್ದುಬರುವುದಿಲ್ಲ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಸಂಸಾರವಿದೆ. ಯಜಮಾನರಿಗೆ ಒಂದು ಕಾರಖಾನೆಯ ಕ್ಯಾಂಟೀನಿನ ಗುತ್ತಿಗೆ ಇತ್ತು. 2025ರ ಆರಂಭದಲ್ಲಿ ಅದು ಕೈಬಿಟ್ಟುಹೋಯಿತು. ಮಗ ಎಂಜಿನಿಯರಿಂಗ್ ಎರಡನೆಯ ವರ್ಷ, ಮಗಳು ಬಿ.ಕಾಂ. ಮೊದಲನೆಯ ವರ್ಷ. ಇಬ್ಬರಲ್ಲಿ ಹೆಚ್ಚು ಅಂಕ ತೆಗೆಯುವವಳು ಮಗಳು. "ಇಬ್ಬರಿಗೂ ಫೀಸು ಕಟ್ಟಲಾರೆ ರಾಯರೆ. ಇವಳಿಗಾದರೆ ಬಿಟ್ಟರೂ ಒಂದು ಕಾಗದ ಸಿಗುತ್ತದಲ್ಲ" ಎಂದರು ತಂದೆ. ಅದನ್ನು ಹೇಳುವಾಗ ಅವರು ಮಗಳ ಕಡೆ ನೋಡಲಿಲ್ಲ. ಕೆಟ್ಟವರಲ್ಲ, ಮಗಳೆಂದರೆ ಪ್ರಾಣ. ಆದರೆ ಮಗನನ್ನು ಬಿಡಿಸುವ ಮಾತು ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಹಿಂದೆಯಾಗಿದ್ದರೆ "ಹುಡುಗಿಯ ಓದು ನಿಲ್ಲಿಸಿದರು" ಎಂದು ನಾಲ್ಕು ಜನ ಆಡಿಯಾರೆಂಬ ಅಳುಕಾದರೂ ಇರುತ್ತಿತ್ತು. ಈಗ ನಿಲ್ಲಿಸಿದಂತೆ ಕಾಣುವುದಿಲ್ಲ, ಮುಗಿಸಿದಂತೆ ಕಾಣುತ್ತದೆ. ಆ ಕಾಗದ ಅಳುಕನ್ನೇ ತೆಗೆದುಬಿಟ್ಟಿದೆ.

ನಾವು ಎರಡು ಸಂಜೆ ಹೋಗಿ ಮಾತಾಡಿದೆವು. ಸಂಘದ ವಿದ್ಯಾರ್ಥಿನಿಧಿಯಿಂದ ಸಹಾಯ ಕೇಳೋಣವೆಂದೆವು. ದುಡಿದು ತಿಂದವರಿಗೆ ಕೈಚಾಚುವುದು ಕಷ್ಟ, ಒಪ್ಪಲಿಲ್ಲ. ಕಡೆಗೆ ನಾವು ಕೇಳಿಕೊಂಡದ್ದು ಒಂದೇ: ಬಾಗಿಲು ಮೂರು ವರ್ಷ ಮಾತ್ರ ತೆರೆದಿರುತ್ತದೆ, ಆ ತಾರೀಖನ್ನು ಮರೆಯಬೇಡಿ. ತಂದೆ ಎದ್ದು ಹೋಗಿ ಗೋಡೆಯ ಮೇಲಿನ ಕಾಲನಿರ್ಣಯದ ಕೊನೆಯ ಹಾಳೆಯ ಹಿಂದೆ 'ಜೂನ್ 2028' ಎಂದು ದಪ್ಪ ಅಕ್ಷರದಲ್ಲಿ ಬರೆದರು. ವರ್ಷ ತಿರುಗಿ ಹೊಸ ಕ್ಯಾಲೆಂಡರು ಬಂದಾಗ ಹುಡುಗಿಯೇ ಅದನ್ನು ಅದೇ ಜಾಗದಲ್ಲಿ ನಕಲು ಮಾಡಿದ್ದಾಳೆ.

ಬೇಸಿಗೆಯ ಕೋರ್ಸಿಗೆ ಆಕೆ ಆರಿಸಿಕೊಂಡದ್ದು ತೆರಿಗೆಯ ಲೆಕ್ಕ. ಈಗ ದಾದರಿನ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ. ತಿಂಗಳ 11 ಮತ್ತು 20ರ ಹಿಂದಿನ ದಿನಗಳಲ್ಲಿ ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾಳೆ. ಬಿಲ್ಲು ತಾಳೆ ನೋಡುವುದರಲ್ಲಿ ಕಚೇರಿಯ ಹಳಬರಿಗಿಂತ ಚುರುಕಂತೆ. ಆದರೆ ಗಿರಾಕಿಗಳ ಮುಂದೆ ಕುಳಿತು ಮಾತಾಡುವ ಕೆಲಸಕ್ಕೆ ಪದವಿಯಾದವರನ್ನೇ ಕರೆಯುತ್ತಾರೆ. ಇವಳು ತಯಾರಿಸಿದ ತಃಖ್ತೆಯನ್ನು ಹಿಡಿದು ಅವರು ಒಳಗೆ ಹೋಗುತ್ತಾರೆ. ಇದನ್ನು ಆಕೆ ದೂರೆಂದು ಹೇಳಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಸುದ್ದಿಯೆಂಬಂತೆ ಹೇಳಿದಳು. ನಮಗೆ ಮಾತ್ರ ಪಕ್ಕದ ಮೇಜಿನ ಗೆಳೆಯ ಕಣ್ಣಮುಂದೆ ಬಂದ.

ಈಚೆಗೆ ಒಂದು ಭಾನುವಾರ ಸಂಘದ ಕಚೇರಿಗೇ ಬಂದಿದ್ದಳು. ಸಂಬಳದಲ್ಲಿ ತಿಂಗಳು ತಿಂಗಳು ಸ್ವಲ್ಪ ಉಳಿಸಿದ್ದಾಳೆ; ಬರುವ ಜೂನಿನಿಂದ ಎರಡನೆಯ ವರ್ಷಕ್ಕೆ, ಬೆಳಗಿನ ತರಗತಿಗೆ ಸೇರುವುದೆಂದು ಗಟ್ಟಿಮಾಡಿದ್ದಾಳೆ. ಕಚೇರಿಯ ಯಜಮಾನರು ಹನ್ನೊಂದಕ್ಕೆ ಬಂದರೂ ಆದೀತು ಎಂದಿದ್ದಾರೆ. ಫಾರಂ ಬಂದೊಡನೆ ತರುತ್ತೇನೆ, ಕ್ರೆಡಿಟ್ ಬ್ಯಾಂಕಿನ ಸಂಖ್ಯೆ ಎಲ್ಲಿ ಬರೆಯಬೇಕೆಂದು ನೋಡಿಕೊಡಿ ಎಂದಳು. ಆಗಲಿ ಎಂದೆವು. ತಂದೆ ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ತಾಯಿ ಮಾತ್ರ, ಬೆಳಿಗ್ಗೆ ಆರಕ್ಕೇ ಡಬ್ಬಿ ಕಟ್ಟಬೇಕಾಗುತ್ತದಲ್ಲ ಎಂದು ಈಗಿನಿಂದಲೇ ಲೆಕ್ಕ ಹಾಕುತ್ತಿದ್ದಾರೆ.